ಒಂದೇ ಬಟ್ಟಲು, ಎರಡು ಬಾಯಿ

ಮೇಣದಬತ್ತಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪ್ಯಾಕಿಂಗ್ ಮಾಡಿದ ಕೈ ಅದು. ಪೆಟ್ಟಿಗೆಗೆ ಹನ್ನೆರಡು ಬತ್ತಿ. ಹನ್ನೊಂದೂ ಅಲ್ಲ, ಹದಿಮೂರೂ ಅಲ್ಲ. ಕಣ್ಣು ಕಿಟಕಿಯಾಚೆ ಇರಲಿ, ಪಕ್ಕದಲ್ಲಿ ಕೂತವಳ ಸೊಸೆಯ ಪುರಾಣದಲ್ಲಿ ಮುಳುಗಿರಲಿ, ಕೈ ಮಾತ್ರ ಲೆಕ್ಕ ತಪ್ಪುತ್ತಿರಲಿಲ್ಲ. ಒಂದು ದಿನ ಮೇಲ್ವಿಚಾರಕ ಸಂಶಯಪಟ್ಟು ನಾಲ್ಕು ಪೆಟ್ಟಿಗೆ ಬಿಚ್ಚಿ ಎಣಿಸಿದ. ನಾಲ್ಕರಲ್ಲೂ ಹನ್ನೆರಡೇ. "ಈಕೆ ಕೈಗೇ ಕಣ್ಣಿದೆ ಮಾರಾಯ್ರೆ" ಎಂದು ಎಲ್ಲರೆದುರು ಒಪ್ಪಿಕೊಂಡ. ಅಂದಿನಿಂದ ಅವಳಿಗೆ ಡಜನಮ್ಮ ಎಂದು ಹೆಸರು ಬಿತ್ತು. ನಿವೃತ್ತಿಯಾಗಿ, ತಲೆ ನರೆತು, ಮೊಮ್ಮಕ್ಕಳು ಬಂದ ಮೇಲೆ ಅದೇ ಡಜನಜ್ಜಿ ಆಯಿತು. ಆ ಹೆಸರಿನ ಮೇಲೆ ಅವಳಿಗೆ ಬೇಸರವಿರಲಿಲ್ಲ, ಒಳಗೊಳಗೇ ಜಂಬವಿತ್ತು.

ಈಗ ಆ ಕೈಗೆ ಎರಡು ಬಾಯಿ ತುಂಬಿಸುವ ಕೆಲಸ. ಮಗನಿಗೆ ಅವಳಿ ಹೆಣ್ಣುಮಕ್ಕಳು, ಮೂರೂವರೆ ವರ್ಷದವರು. ಹತ್ತು ನಿಮಿಷ ಮೊದಲು ಹುಟ್ಟಿದವಳು ಗುಬ್ಬಿ, ಆಮೇಲೆ ಬಂದವಳು ಗಿಣಿ. ಮಗ ಬಸ್ ಡ್ರೈವರು. ಬೆಳಗಿನ ಮೊದಲ ಬಸ್ಸೇ ಅವನದು. ಸೊಸೆ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿಯ ಕೆಲಸಕ್ಕಿದ್ದಳು. ಕಿತ್ತುಹೋದ ಗುಂಡಿ ಹಚ್ಚುವುದೂ ಅವಳ ಪಾಲಿಗೇ ಇತ್ತು. ಎಂಟಕ್ಕೆ ಹೋದರೆ ಬರುವಷ್ಟರಲ್ಲಿ ಮಕ್ಕಳ ಸಂಜೆಯ ಊಟ ಮುಗಿದಿರುತ್ತಿತ್ತು. ಹೀಗಾಗಿ ಮೂರನೆಯ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಮೂರು ಹೊತ್ತೂ ಉಣ್ಣಿಸುವವಳು ಅಜ್ಜಿಯೇ. ರಜೆಯ ದಿನ ಸೊಸೆ ಬಟ್ಟಲಿಗೆ ಕೈ ಹಾಕಿದರೆ, "ನೀನು ಕೂತ್ಕೋ ತಾಯಿ, ನಿನಗೆ ಬರಲ್ಲ" ಎಂದು ಕಿತ್ತುಕೊಳ್ಳುತ್ತಿದ್ದಳು.

ಉಣ್ಣಿಸುವುದಕ್ಕೆ ಅವಳದೇ ಒಂದು ಪದ್ಧತಿ ಇತ್ತು. ನೆಲಕ್ಕೆ ಹಳದಿ ಚಾಪೆ. ಚಾಪೆಯ ಎದುರು ನೀರಿನ ಜಗ್ಗು. ಜಗ್ಗಿಗೆ ಒರಗಿಸಿದ ಟ್ಯಾಬು. ಐದು ವರ್ಷ ಒಂದೂ ಅಪಘಾತವಿಲ್ಲದೆ ಬಸ್ ಓಡಿಸಿದ್ದಕ್ಕೆ ಮಗನಿಗೆ ಡಿಪೋದವರು ಕೊಟ್ಟ ಬಹುಮಾನ ಅದು. ಅದರಲ್ಲಿ ನೀಲಿ ಕರಡಿಯೊಂದು ಲಾರಿ ಓಡಿಸಿಕೊಂಡು ಹಾಡುತ್ತಾ ಬರುತ್ತಿತ್ತು. ಕರಡಿ ಬಂದೊಡನೆ ಎರಡು ಮಕ್ಕಳ ಕಣ್ಣು ಪರದೆಗೆ ಅಂಟುತ್ತಿದ್ದವು, ಬಾಯಿಗಳು ತಾವಾಗಿ ತೆರೆಯುತ್ತಿದ್ದವು. ಅಜ್ಜಿ ನಡುವೆ ಕೂತು ಒಂದು ದೊಡ್ಡ ಬಟ್ಟಲಿನಲ್ಲಿ ಇಬ್ಬರಿಗೂ ಆಗುವಷ್ಟು ಅನ್ನ, ತರಕಾರಿ ಕಲಸಿ, ಒಂದು ತುತ್ತು ಆ ಕಡೆ, ಒಂದು ತುತ್ತು ಈ ಕಡೆ ಇಡುತ್ತಾ ಹೋಗುತ್ತಿದ್ದಳು. ಇಪ್ಪತ್ತು ನಿಮಿಷಕ್ಕೆ ಬಟ್ಟಲು ಖಾಲಿ. ಅಳು ಇಲ್ಲ, ಓಟವಿಲ್ಲ, ನೆಲದ ಮೇಲೆ ಒಂದು ಅಗುಳು ಕೂಡ ಇಲ್ಲ. ಅಜ್ಜಿ ಬಟ್ಟಲನ್ನು ಬೋರಲು ಮಾಡಿ ತೋರಿಸಿ, "ಬಟ್ಟಲು ಖಾಲಿ!" ಎಂದು ಕೂಗುವಳು. ಮಕ್ಕಳೂ ಪರದೆಯಿಂದ ಕಣ್ಣು ಕೀಳದೆ "ಬಟ್ಟಲು ಖಾಲಿ" ಎನ್ನುವವು.

ನಿಜ ಹೇಳಬೇಕೆಂದರೆ, ಕರಡಿಯನ್ನು ನೋಡುತ್ತಿದ್ದವರು ಇಬ್ಬರಲ್ಲ, ಮೂವರು. ಕರಡಿಯ ಅತ್ತಿಗೆ ಯಾರು, ಅದರ ಲಾರಿ ಯಾವ ತಿರುವಿನಲ್ಲಿ ಕೆಟ್ಟು ನಿಂತಿತು ಎಂಬುದೆಲ್ಲ ಅಜ್ಜಿಗೆ ತನ್ನ ನೆಂಟರ ವಿಷಯಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಏನು ತಪ್ಪು? ಕೈಗೆ ಕಣ್ಣಿರುವಾಗ ಕಣ್ಣಿಗೆ ಬೇರೆ ಕೆಲಸ ಕೊಟ್ಟರೆ ನಷ್ಟವೇನು?

ಈ ಪದ್ಧತಿ ಹುಟ್ಟುವ ಮುಂಚಿನ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ಸೊಂಟ ನೋಯುತ್ತಿತ್ತು. ಒಂದು ಮಂಚದ ಕೆಳಗೆ, ಇನ್ನೊಂದು ಮೆಟ್ಟಿಲ ಮೇಲೆ. ಒಬ್ಬಳ ಹಿಂದೆ ಓಡಿ ಎರಡು ತುತ್ತು ತಿನ್ನಿಸಿ ಬರುವಷ್ಟರಲ್ಲಿ ಇನ್ನೊಬ್ಬಳು ಉಗಿದಿರುತ್ತಿದ್ದಳು. ಅಂಥ ಒಂದು ದಿನ ಮಗ ಟ್ಯಾಬನ್ನು ಆರಿಸದೆ ಹೋಗಿದ್ದ. ಕರಡಿ ಹಾಡಿತು, ಬಾಯಿಗಳು ತೆರೆದವು. ಅಜ್ಜಿಗೆ ಕುರುಡನಿಗೆ ಕಣ್ಣು ಬಂದಂತಾಯಿತು.

ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅಜ್ಜಿಯದಲ್ಲ. ಎದುರು ಮನೆಯ ಬ್ಯೂಟಿ ಪಾರ್ಲರಿನವಳಿಗೆ ಮೊದಲು ಹೇಳಿಕೊಟ್ಟಳು. ಅವಳಿಂದ ಕೆಳಗಿನ ಮಹಡಿಗೆ, ಅಲ್ಲಿಂದ ಪಕ್ಕದ ಕಟ್ಟಡಕ್ಕೆ. ಆರು ತಿಂಗಳು ತುಂಬುವುದರೊಳಗೆ ಆ ಬೀದಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಯಾವ ಮನೆಯ ಮುಂದೆ ಹಾದರೂ ಅದೇ ಕರಡಿಯ ಹಾಡು. ಜನ ಅದಕ್ಕೆ "ಅಜ್ಜಿ ಪದ್ಧತಿ" ಎಂದೇ ಹೆಸರಿಟ್ಟಿದ್ದರು. ಕೆಟ್ಟ ರೂಢಿಗಳೆಲ್ಲ ಹುಟ್ಟುವುದು ಹೀಗೆಯೇ. ಯಾರೂ ಕೇಡು ಬಯಸಿರುವುದಿಲ್ಲ. ಸುಸ್ತಾದ ಒಂದು ಸೊಂಟ ಸ್ವಲ್ಪ ಸುಖ ಬಯಸಿರುತ್ತದೆ, ಅಷ್ಟೇ.

ಮೊದಲು ಗಮನಿಸಿದವಳು ಸೊಸೆ. ಬಟ್ಟೆಯ ಕಸುಬಿನವಳಲ್ಲವೇ, ಬಟ್ಟೆಯೇ ಅವಳಿಗೆ ಸುಳಿವು ಕೊಟ್ಟಿತು. ಇಬ್ಬರಿಗೂ ಒಂದೇ ಅಳತೆಯ ಫ್ರಾಕು ತಂದಿದ್ದಳು. ಆರು ತಿಂಗಳಲ್ಲಿ ಗುಬ್ಬಿಯ ಫ್ರಾಕಿನ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಸಡಿಲ ಮಾಡಬೇಕಾಯಿತು. ಗಿಣಿಯ ಫ್ರಾಕಿಗೆ ಎರಡು ಸಲ ಒಳಗೆ ಹಿಡಿಯಬೇಕಾಯಿತು.

"ಅತ್ತೆ, ಗಿಣಿ ಯಾಕೋ ಸೊರಗ್ತಾ ಇದ್ದಾಳೆ" ಎಂದಳು ಒಂದು ಬೆಳಿಗ್ಗೆ, ಗಿಣಿಯ ತಲೆ ಬಾಚುತ್ತಾ. ಬಾಚಣಿಗೆಯಲ್ಲಿ ಕೂದಲು ಗುಪ್ಪೆಯಾಗಿ ಬಂದಿತ್ತು.

"ಅವಳು ನಿಮ್ಮ ಅಪ್ಪನ ಕಡೆ. ನಿಮ್ಮಪ್ಪ ಕಡ್ಡಿ ಪೈಲ್ವಾನ್ ತಾನೇ? ಗುಬ್ಬಿ ನಮ್ಮ ಕಡೆ."

"ಮೆಟ್ಟಿಲು ಹತ್ತೋವಾಗ ಮಧ್ಯದಲ್ಲಿ ಕೂತ್ಬಿಡ್ತಾಳೆ ಅತ್ತೆ. ನಿನ್ನೆ ಎತ್ಕೊಂಡು ಬರಬೇಕಾಯ್ತು. ಗುಬ್ಬಿ ನೋಡಿದ್ರೆ ಹತ್ತು ಮೆಟ್ಟಿಲಿಗೆ ಏದುಸಿರು ಬಿಡ್ತಾಳೆ. ಊಟ ಸರಿಯಾಗಿ..."

"ಊಟದ ವಿಷಯ ಎತ್ತಬೇಡ" ಅಜ್ಜಿಯ ಧ್ವನಿ ಚುರುಕಾಯಿತು. "ಮೂರು ಹೊತ್ತೂ ಬಟ್ಟಲು ಖಾಲಿ ಆಗ್ತಿದೆ. ಬಟ್ಟಲು ಸುಳ್ಳು ಹೇಳುತ್ತಾ?"

ಸೊಸೆ ಚೀಲ ಹೆಗಲಿಗೇರಿಸಿ ಹೊರಟಳು. ಎಂಟರ ಬಸ್ಸು ತಪ್ಪಿದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಆದರೆ ಅವಳು ಸುಮ್ಮನೆ ಕೂರುವವಳಲ್ಲ. ಗಿಣಿಯನ್ನು ಆಸ್ಪತ್ರೆಗೆ ಒಯ್ದಳು. ರಕ್ತ ತೆಗೆದರು, ಹೊಟ್ಟೆ ಒತ್ತಿ ನೋಡಿದರು, ಎದೆಗೆ ಕಿವಿಗೊಟ್ಟರು. ರೋಗ ಏನೂ ಸಿಗಲಿಲ್ಲ. ಡಾಕ್ಟರು ಬಲಕ್ಕೆ ಒಂದು ಬಾಟಲಿ ಔಷಧ ಬರೆದುಕೊಟ್ಟು, "ತೂಕ ನೋಡ್ತಾ ಇರಿ, ಬಡಾವಣೆಯ ನರ್ಸ್‌ಗೂ ಹೇಳಿರ್ತೀನಿ" ಎಂದರು.

ನರ್ಸಮ್ಮ ಬಂದದ್ದು ಒಂದು ಮಂಗಳವಾರ. ಲಾಂಡ್ರಿಗೆ ಅಂದು ವಾರದ ರಜೆ, ಸೊಸೆ ಮನೆಯಲ್ಲೇ ಇದ್ದಳು. ನರ್ಸಮ್ಮನಿಗೆ ನಲವತ್ತರ ಆಸುಪಾಸು. ಹೆಗಲಲ್ಲಿ ಚೀಲ, ಕೈಯಲ್ಲಿ ತೂಕದ ಮಷಿನ್ನು, ಬಾಯಲ್ಲಿ ನಗು. ಮೂರು ಮಹಡಿ ಹತ್ತಿದ ಸುಸ್ತಿಗೆ ಮೊದಲು ಒಂದು ಲೋಟ ನೀರು ಕೇಳಿ ಕುಡಿದಳು. ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಮಷಿನ್ನಿನ ಮೇಲೆ ನಿಲ್ಲಿಸಿದಳು. ಆರು ತಿಂಗಳ ಹಿಂದೆ ಇಬ್ಬರೂ ಹದಿಮೂರು ಕಿಲೋ ಇದ್ದರು. ಈಗ ಗುಬ್ಬಿ ಹದಿನೇಳು, ಗಿಣಿ ಹನ್ನೊಂದು.

ನರ್ಸಮ್ಮನ ನಗು ನಿಂತಿತು. "ಇವರಿಗೆ ಊಟ ಯಾರು ಮಾಡಿಸ್ತಾರೆ?"

"ನಾನೇ" ಎಂದಳು ಅಜ್ಜಿ, ಪದಕಕ್ಕೆ ಎದೆಯೊಡ್ಡುವವಳ ಹಾಗೆ.

"ಹೇಗೆ ಮಾಡಿಸ್ತೀರಿ?"

ಅಜ್ಜಿ ಪದ್ಧತಿಯನ್ನೆಲ್ಲ ವಿವರಿಸಿದಳು. ಚಾಪೆ, ಜಗ್ಗು, ಟ್ಯಾಬು, ಕರಡಿ, ಬಟ್ಟಲು. ಕೊನೆಗೆ ಬೀದಿಯಲ್ಲಿ ಎಷ್ಟು ಮನೆಗೆ ತಾನು ಇದನ್ನು ಹೇಳಿಕೊಟ್ಟೆ ಎಂಬ ಲೆಕ್ಕವನ್ನೂ ಕೊಟ್ಟಳು.

ನರ್ಸಮ್ಮ ಕೇಳಿಸಿಕೊಂಡಳು. "ಅಜ್ಜಿ, ಉಣ್ಣೋದು ಬಾಯಿ ಒಂದರ ಕೆಲಸ ಅಲ್ಲ. ಕಣ್ಣು ನೋಡಬೇಕು, ಮೂಗಿಗೆ ವಾಸನೆ ಹತ್ತಬೇಕು, ಹಲ್ಲು ಅಗೀಬೇಕು. ಹಸಿವು ಅಂತ ಹೊಟ್ಟೆ ಹೇಳಬೇಕು, ಸಾಕು ಅಂತಲೂ ಅದೇ ಹೇಳಬೇಕು. ನೀವು ಕರಡಿನ ಕೂರಿಸಿದ್ರೆ ಹೊಟ್ಟೆ ಮಾತು ಯಾರಿಗೆ ಕೇಳುತ್ತೆ?"

"ಹೊಟ್ಟೆಗೆ ಹೋದ್ರೆ ಆಯ್ತಲ್ಲಮ್ಮ, ಕಣ್ಣು ಎಲ್ಲಿದ್ರೇನು? ಅಳಿಸಿ ಉಣ್ಣಿಸೋಕಿಂತ ನಗಿಸಿ ಉಣ್ಣಿಸೋದು ಪಾಪಾನಾ?"

"ನಗ್ತಾ ಇರ್ತಾರಾ ಅವರು?"

ಪರದೆಯ ಮುಂದೆ ಮಕ್ಕಳು ನಕ್ಕದ್ದು ಅಜ್ಜಿಗೆ ನೆನಪಾಗಲಿಲ್ಲ. ಬಾಯಿ ತೆರೆದಿರುತ್ತಿತ್ತು, ಅಷ್ಟೇ. ಆದರೆ ಸೋಲುವ ಕುಳ ಅವಳಲ್ಲ. "ನಮ್ಮ ಬೀದೀಲಿ ಬೇರೆ ಯಾವ ಮಗೂಗೂ ಏನೂ ಆಗಿಲ್ಲ. ಇವಳ ಮೈಕಟ್ಟೇ ಹಾಗೆ. ಬಟ್ಟಲು ಸುಳ್ಳು ಹೇಳಲ್ಲ."

"ಬಟ್ಟಲು ಸುಳ್ಳು ಹೇಳಲ್ಲ ಅಜ್ಜಿ. ಆದ್ರೆ ಅರ್ಧ ಮಾತ್ರ ಹೇಳುತ್ತೆ. ಅನ್ನ ಖಾಲಿ ಆಯ್ತು ಅನ್ನುತ್ತೆ, ಯಾರ ಹೊಟ್ಟೆಗೆ ಹೋಯ್ತು ಅಂತ ಹೇಳಲ್ಲ."

ಅಜ್ಜಿಯ ಮುಖ ಕೆಂಪಾಯಿತು. "ಅಂದ್ರೆ? ನನ್ನ ಕೈ ಲೆಕ್ಕ ತಪ್ಪುತ್ತೆ ಅಂತೀಯಾ? ಮೂವತ್ತೊಂದು ವರ್ಷ ಒಂದೇ ಒಂದು ಪೆಟ್ಟಿಗೆ ವಾಪಸ್ ಬಂದಿಲ್ಲ, ಗೊತ್ತಾ?"

"ಹಾಗಾದ್ರೆ ಇವತ್ತು ನನ್ನ ಮುಂದೆ ಉಣ್ಣಿಸಿ. ದಿನಾ ಹೇಗೋ ಹಾಗೇ. ನಾನು ಹಿಂದೆ ಕೂತು ನೋಡ್ತೀನಿ, ಒಂದು ಮಾತೂ ಆಡಲ್ಲ."

"ನೋಡು, ಧಾರಾಳವಾಗಿ ನೋಡು."

ಸೊಸೆ ಗುಂಡಿಗಳ ಡಬ್ಬ ತಂದುಕೊಟ್ಟಳು, ನರ್ಸಮ್ಮನೇ ಕೇಳಿದ್ದಳು. ಗುಬ್ಬಿಗೆ ಬಿಳಿ ಗುಂಡಿ, ಗಿಣಿಗೆ ಕಪ್ಪು ಗುಂಡಿ. ಒಂದು ತುತ್ತಿಗೆ ಒಂದು ಗುಂಡಿ, ಎರಡು ಲೋಟಗಳಲ್ಲಿ. ನರ್ಸಮ್ಮ ಮಂಚದ ಮೇಲೆ ಅಜ್ಜಿಯ ಬೆನ್ನ ಹಿಂದೆ ಕೂತಳು.

ಅಜ್ಜಿ ಅಂದು ವಿಶೇಷ ಎಚ್ಚರದಿಂದಲೇ ಶುರುಮಾಡಿದಳು. ಆ ಕಡೆ ಒಂದು, ಈ ಕಡೆ ಒಂದು. ಮೊದಲ ಎಂಟು ತುತ್ತು ತಕ್ಕಡಿಯಲ್ಲಿ ತೂಗಿದಂತೆ ಸರಿಯಾಗಿದ್ದವು. ಅಷ್ಟರಲ್ಲಿ ಕರಡಿಯ ಲಾರಿಗೆ ಇಳಿಜಾರಿನಲ್ಲಿ ಬ್ರೇಕು ಹೋಯಿತು. ಮೂವರೂ ಪರದೆಯತ್ತ ಬಗ್ಗಿದರು. ಗುಬ್ಬಿ ಅಗಿಯುತ್ತಿರಲಿಲ್ಲ, ನುಂಗುತ್ತಿದ್ದಳು; ಅವಳ ಬಾಯಿ ಗಳಿಗೆಗೊಮ್ಮೆ ತೆರೆದು ನಿಲ್ಲುತ್ತಿತ್ತು. ಗಿಣಿಗೆ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಮರೆಯುವ ಅಭ್ಯಾಸ. ಅವಳ ತುಟಿ ಮುಚ್ಚಿರುತ್ತಿತ್ತು. ಅಜ್ಜಿಯ ಕೈ ಗಿಣಿಯ ತುಟಿಗೆ ತಾಗಿತು, ಬಾಗಿಲು ಮುಚ್ಚಿತ್ತು. ಕಾಯಲಿಲ್ಲ, ತೆರೆದಿದ್ದ ಬಾಯಿಗೆ ಹೋಯಿತು. ಕಾರ್ಖಾನೆಯಲ್ಲಿ ಕಲಿತ ಕೈ ಅದು. ಅಲ್ಲಿ ಖಾಲಿ ಪೆಟ್ಟಿಗೆ ಎದುರಿಗೆ ಬಂದಾಗ ತುಂಬಬೇಕು, ನಿಲ್ಲುವಂತಿಲ್ಲ. ಇಲ್ಲೂ ಅದು ನಿಲ್ಲಲಿಲ್ಲ. ಹಿಂದಿನಿಂದ ಟಿಕ್, ಟಿಕ್ ಎಂದು ಗುಂಡಿ ಬೀಳುವ ಸದ್ದು ಬರುತ್ತಲೇ ಇತ್ತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸದ್ದೆಲ್ಲ ಒಂದೇ ಲೋಟದಿಂದ ಬರುತ್ತಿರುವುದನ್ನು ನೋಡುತ್ತಾ ತುಟಿ ಕಚ್ಚಿಕೊಂಡಿದ್ದಳು.

"ಬಟ್ಟಲು ಖಾಲಿ!" ಅಜ್ಜಿ ಬಟ್ಟಲನ್ನು ಬೋರಲು ಮಾಡಿ ಗೆದ್ದವಳ ಹಾಗೆ ಹಿಂತಿರುಗಿದಳು.

ನರ್ಸಮ್ಮ ಎರಡು ಲೋಟಗಳನ್ನು ಅವಳ ಮುಂದಿಟ್ಟಳು.

ಎಣಿಸುವುದಕ್ಕೆ ಅಜ್ಜಿಗೆ ಯಾರ ನೆರವೂ ಬೇಕಿರಲಿಲ್ಲ. ಬಿಳಿ ಗುಂಡಿ ಇಪ್ಪತ್ತಮೂರು. ಕಪ್ಪು ಗುಂಡಿ ಆರು. ನೆಲಕ್ಕೆ ಸುರಿದು ಮತ್ತೆ ಎಣಿಸಿದಳು. ಇಪ್ಪತ್ತಮೂರು, ಆರು. ಮೂರನೆಯ ಸಲ ಎಣಿಸುವಾಗ ಒಂದು ಕಪ್ಪು ಗುಂಡಿ ಚಾಪೆಯ ಕೆಳಗೆ ಉರುಳಿಹೋಯಿತು. ಅದನ್ನು ಹುಡುಕಿ ತೆಗೆದು ಐದರ ಪಕ್ಕ ಇಟ್ಟಳು.

"ಗಿಣಿ, ಹೊಟ್ಟೆ ತುಂಬ್ತಾ ಕಂದಾ?" ಅಜ್ಜಿಯ ಸ್ವರ ಅವಳಿಗೇ ಗುರುತು ಸಿಗಲಿಲ್ಲ.

ಮಗು ಟ್ಯಾಬನ್ನೇ ನೋಡುತ್ತಿತ್ತು.

"ಹಸಿವಾಗ್ತಿದೆಯೇನೇ?"

ಗಿಣಿ ಆಗ ತಿರುಗಿ ಅಜ್ಜಿಯ ಮುಖ ನೋಡಿತು, ಆಮೇಲೆ ಬಟ್ಟಲಿನೊಳಗೆ ಇಣುಕಿತು. ಪಾಠ ಒಪ್ಪಿಸುವ ಹಾಗೆ ಹೇಳಿತು: "ಬಟ್ಟಲು ಖಾಲಿ."

ಆರು ತುತ್ತು ಉಂಡ ಮಗು ತನಗೆ ಹಸಿವೋ ಇಲ್ಲವೋ ಎಂದು ತಿಳಿಯಲು ಬಟ್ಟಲನ್ನು ನೋಡುತ್ತಿದೆ! ಅದನ್ನು ಕಲಿಸಿದವಳು ತಾನೇ. ಅಳದ ಮಗುವಿಗೆ ತಾಯಿ ಕೂಡ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ಈ ಮಗುವಿಗೆ ಅಳುವುದನ್ನೇ ಮರೆಸಿ, ಮನೆಯಲ್ಲಿ ಅನ್ನ ತುಂಬಿತುಳುಕುವಾಗ, ತನ್ನ ತೊಡೆಯ ಪಕ್ಕದಲ್ಲೇ ಕೂರಿಸಿಕೊಂಡು, ದಿನಕ್ಕೆ ಮೂರು ಹೊತ್ತು ಉಪವಾಸ ಕೆಡವಿದ್ದಳು. ಶತ್ರುಗಳೂ ಮಾಡಲಾರದ ಕೆಲಸವನ್ನು ಪ್ರೀತಿಯಿಂದ ಮಾಡಿದ್ದಳು.

ಸೊಸೆ ಬೈಯುತ್ತಾಳೆಂದು ಅಜ್ಜಿ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಸೊಸೆ ಬೈಯಲಿಲ್ಲ. ಒಳಗೆ ಹೋಗಿ ಇನ್ನೊಂದು ಬಟ್ಟಲಿನಲ್ಲಿ ಅನ್ನ ಕಲಸಿ ತಂದು ಗಿಣಿಯ ಪಕ್ಕ ಕೂತಳು, ಅಷ್ಟೇ. ಅವಳ ಕಣ್ಣಿನಿಂದ ಎರಡು ಹನಿ ನೀರು ಅನ್ನಕ್ಕೇ ಬಿತ್ತು.

"ತಪ್ಪಾಯ್ತು ಕಣಮ್ಮ" ಎಂದಳು ಅಜ್ಜಿ. ಅತ್ತೆಯಾದ ಮೇಲೆ ಆ ಮಾತನ್ನು ಅವಳು ಆಡಿದ್ದು ಅದೇ ಮೊದಲು. ಆಡಿದವಳೇ ಕೈಚಾಚಿ ಟ್ಯಾಬನ್ನು ಆರಿಸಿದಳು.

ಆರಿಸುವುದು ಸುಲಭ; ಆಮೇಲಿನದು ಕಷ್ಟ. ನರ್ಸಮ್ಮ ಹೊರಡುವ ಮೊದಲು ಹೇಳಿಕೊಟ್ಟಳು. ಮಕ್ಕಳಿಗೆ ಒಂದೊಂದು ಬಟ್ಟಲು ಬೇರೆ. ಅವರ ಕೈಯಲ್ಲೇ ಉಣ್ಣಲಿ, ಚೆಲ್ಲಲಿ. ನೀವೂ ನಿಮ್ಮ ತಟ್ಟೆ ಹಿಡಿದು ಜೊತೆಗೆ ಕೂತ್ಕೊಳ್ಳಿ. ಟ್ಯಾಬು ಮನೆಯಲ್ಲೇ ಇರಬಾರದು ಅಂತಲ್ಲ. ಅದಕ್ಕೂ ಒಂದು ಹೊತ್ತು ಗೊತ್ತುಮಾಡಿ, ಊಟದ ಹೊತ್ತು ಮಾತ್ರ ಅದರದಲ್ಲ. "ನಾಲ್ಕು ದಿನ ಕಿರುಚ್ತಾರೆ ಅಜ್ಜಿ. ಸೋಲಬೇಡಿ. ಗಿಣಿ ತೂಕ ನೋಡೋಕೆ ಎರಡು ದಿನಕ್ಕೊಂದ್ಸಲ ನಾನೇ ಬರ್ತೀನಿ. ಹೆಚ್ಚುಕಮ್ಮಿ ಅನ್ನಿಸಿದ್ರೆ ಫೋನ್ ಮಾಡಿ."

ಸಂಜೆಯಿಂದಲೇ ಯುದ್ಧ ಶುರುವಾಯಿತು. ಕರಡಿ ಎಲ್ಲಿ ಎಂದು ಗುಬ್ಬಿ ಚಾಪೆಯ ಮೇಲೆ ಹೊರಳಾಡಿ ಅತ್ತಳು. ಚಮಚ ಹಾರಿತು, ಬಟ್ಟಲು ಹಾರಿತು, ಅಜ್ಜಿಯ ಕನ್ನಡಕವೂ ಹಾರಿತು. ಗಿಣಿ ಅಳಲಿಲ್ಲ, ಬಟ್ಟಲಿನ ಮುಂದೆ ಸುಮ್ಮನೆ ಕೂತಳು, ಯಾರೋ ಬಂದು ಬಾಯಿಗೆ ಇಡಲಿ ಎಂದು. ಅದನ್ನು ನೋಡುವುದೇ ಅಜ್ಜಿಗೆ ಹೆಚ್ಚು ಕಷ್ಟವಾಯಿತು. ಎರಡನೆಯ ದಿನ ಮಧ್ಯಾಹ್ನ ಬೀದಿಯ ಎಲ್ಲ ಮನೆಗಳಿಂದ ಕರಡಿಯ ಹಾಡು ತೇಲಿಬಂದಾಗ ಇಬ್ಬರೂ ಕಿಟಕಿಗೆ ಓಡಿದರು. ತಾನೇ ಬಿತ್ತಿದ ಬೆಳೆ; ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು. ಅಜ್ಜಿ ಹೋಗಿ ಕಿಟಕಿ ಮುಚ್ಚಿದಳು.

ಮೂರನೆಯ ದಿನ ಮಗನಿಗೆ ರಜೆ; ಸೊಸೆಯೂ ಅಂದು ಬೇಗ ಬಂದು ಸಂಜೆಯ ಊಟಕ್ಕೆ ಜೊತೆ ಕೂತಿದ್ದಳು. ಮಗ ಮಂಗಳವಾರದ ಕಥೆ ಹೆಂಡತಿಯಿಂದ ಕೇಳಿದ್ದ, ತಲೆದೂಗಿದ್ದ. ಆದರೆ ಕೇಳುವುದು ಬೇರೆ, ಮನೆ ತುಂಬ ರಂಪವನ್ನು ಕಿವಿಯಾರೆ ಅನುಭವಿಸುವುದು ಬೇರೆ. ಬಸ್ಸಿನ ಹಾರ್ನು ಕೇಳಿ ಕೇಳಿ ಸವೆದ ಕಿವಿ ಅವನದು. ಗುಬ್ಬಿ ಕಾಲು ಬಡಿದು ಕಿರುಚತೊಡಗಿದಾಗ ತಟ್ಟೆ ಬಿಟ್ಟೆದ್ದ. ಬೀರುವಿನ ಮೇಲಿಂದ ಟ್ಯಾಬು ಇಳಿಸಿದ.

"ಇಡು ಅದನ್ನ ಅಲ್ಲೇ" ಎಂದಳು ಅಜ್ಜಿ.

"ಅಮ್ಮ, ಇದೇನು ಹಿಂಸೆ? ಹತ್ತು ನಿಮಿಷ ಕೊಟ್ರೆ ಸುಮ್ಮನೆ ಉಣ್ತಾರೆ. ಬೇಕಿದ್ರೆ ನೀನು ನೋಡ್ಕೊಂಡು ತಿನ್ನಿಸು, ಇಬ್ಬರಿಗೂ ಸಮ ಆಗೋ ಹಾಗೆ. ಈ ಪದ್ಧತಿ ತಂದವಳೇ ನೀನಲ್ವಾ?"

"ನಾನೇ ತಂದಿದ್ದು. ಅದಕ್ಕೇ ನಾನೇ ತೆಗೀತಿರೋದು."

"ಊರಲ್ಲಿರೋ ಮಕ್ಕಳೆಲ್ಲ ನೋಡ್ಕೊಂಡೇ ಉಣ್ತಾರೆ."

"ಊರಿಗೆ ಆಮೇಲೆ ಹೋಗೋಣ. ಮೊದಲು ಇದಕ್ಕೆ ಉತ್ತರ ಹೇಳು. ಈ ಟ್ಯಾಬು ನಿನಗೆ ಯಾಕೆ ಕೊಟ್ರು?"

ಮಗ ತಬ್ಬಿಬ್ಬಾದ. "ಯಾಕಂದ್ರೆ... ಅಪಘಾತ ಮಾಡದೆ ಓಡಿಸಿದ್ದಕ್ಕೆ."

"ಓಡಿಸೋವಾಗ ಎಲ್ಲಿ ನೋಡ್ತಿದ್ದೆ?"

"ರಸ್ತೆ ನೋಡ್ತಿದ್ದೆ. ಇನ್ನೆಲ್ಲಿ ನೋಡ್ತಾರೆ?"

"ನಾನು ನೋಡ್ಲಿಲ್ಲ ಕಣೋ" ಎಂದಳು ಅಜ್ಜಿ. ಧ್ವನಿ ಏರಲಿಲ್ಲ. "ನನ್ನ ಕೈ ಚೆನ್ನಾಗಿ ಓಡ್ತಿತ್ತು, ಕಣ್ಣು ಬೇರೆ ಕಡೆ ಇತ್ತು. ನಿನ್ನ ಬಸ್ಸಲ್ಲಿ ಆಗದ ಅಪಘಾತ ನಿನ್ನ ಮನೇಲಿ ಆಯ್ತು. ಮಾಡಿದವಳು ನಾನು. ಇನ್ನೊಂದು ಸಲ ಆಗೋಕೆ ಬಿಡಲ್ಲ. ನಾನಿರೋ ತನಕ ಈ ಮನೇಲಿ ಊಟದ ಮುಂದೆ ಅದು ಬರಕೂಡದು. ಮಕ್ಕಳ ಊಟಕ್ಕೂ ಇಲ್ಲ, ನಿನ್ನ ಊಟಕ್ಕೂ ಇಲ್ಲ. ಕಿರುಚಲಿ, ನನಗೆ ಕೇಳೋ ಶಕ್ತಿ ಇದೆ."

ಗುಬ್ಬಿ ಅಳು ನಿಲ್ಲಿಸಿ, ಯಾರು ಗೆಲ್ಲುತ್ತಾರೆಂದು ನೋಡುತ್ತಿದ್ದಳು. ಮಗ ಟ್ಯಾಬನ್ನು ಬೀರುವಿನ ಮೇಲೆ ಇಟ್ಟ. ಸೊಸೆ ಗಂಡನ ತಟ್ಟೆಯ ಪಕ್ಕದಲ್ಲಿದ್ದ ಅವನ ಫೋನನ್ನು ಕಣ್ಣಿನಲ್ಲೇ ತೋರಿಸಿದಳು. ಅದೂ ಬೀರು ಹತ್ತಿತು.

"ಸರಿ, ಈಗ ಏನು ಮಾಡ್ಬೇಕು?" ಎಂದ, ಕೈ ಖಾಲಿಯಾದವನ ಹಾಗೆ.

"ಕೂತು ಉಣ್ಣು. ಅವರು ನಿನ್ನ ನೋಡಿ ಕಲೀಲಿ. ಮಾತಾಡು. ಇವತ್ತು ಬಸ್ಸಲ್ಲಿ ಏನಾಯ್ತು ಹೇಳು."

"ಇವತ್ತು ರಜೆ ಅಮ್ಮ."

"ಹಾಗಾದ್ರೆ ನಿನ್ನೆದು ಹೇಳು!"

ಅವನು ನಿನ್ನೆಯದು ಹೇಳಿದ. ಒಬ್ಬ ಮುದುಕ ಬಸ್ಸಿಗೆ ಕೋಳಿ ತಂದು, ಅದು ಸೀಟಿನ ಕೆಳಗೆ ಮೊಟ್ಟೆ ಇಟ್ಟು, ಮೊಟ್ಟೆ ಯಾರದೆಂದು ಮುದುಕನಿಗೂ ಸೀಟಿನವನಿಗೂ ಜಗಳವಾದ ಕಥೆ. ಅದು ನಡೆದದ್ದೋ, ಮಕ್ಕಳಿಗಾಗಿ ಹುಟ್ಟಿಸಿದ್ದೋ ಯಾರೂ ಕೇಳಲಿಲ್ಲ. ಕೋಳಿ ಕೂಗಿದ್ದನ್ನು ಅಪ್ಪ ಕೂಗಿ ತೋರಿಸಿದಾಗ ಗಿಣಿ ನಕ್ಕಳು. ಬಾಯಿಯ ಅನ್ನ ಹೊರಗೆ ಚಿಮ್ಮುವಷ್ಟು ನಕ್ಕಳು. ಆಮೇಲೆ ತನ್ನ ಬಟ್ಟಲಿಗೆ ತಾನೇ ಕೈ ಹಾಕಿದಳು. ಅಜ್ಜಿ ಆ ತುತ್ತನ್ನು ಎಣಿಸಲಿಲ್ಲ, ನೋಡಿದಳು.

ಟ್ಯಾಬಿಗೂ ಒಂದು ಹೊತ್ತು ಗೊತ್ತಾಯಿತು. ಮಧ್ಯಾಹ್ನದ ನಿದ್ದೆ ಆದ ಮೇಲೆ ಕರಡಿಯ ಎರಡು ಕಥೆ, ಅಜ್ಜಿಯ ಜೊತೆ ಕೂತು. ಕಥೆ ಮುಗಿದ ಮೇಲೆ ಗುಬ್ಬಿ ಆರಿಸಬೇಕು, ಗಿಣಿ ಒಯ್ದು ಕೊಡಬೇಕು, ಅಜ್ಜಿ ಬೀರುವಿನ ಮೇಲಿಡಬೇಕು. ಮೊದಲ ವಾರ ಮೂರನೆಯ ಕಥೆಗೆ ಕಣ್ಣೀರಿನ ಅರ್ಜಿಗಳು ಬಂದವು. ಅರ್ಜಿಗಳೆಲ್ಲ ತಿರಸ್ಕೃತವಾದವು. ಎರಡನೆಯ ವಾರ ಅರ್ಜಿಗಳು ಕಡಿಮೆಯಾದವು. ನರ್ಸಮ್ಮನ ಮಷಿನ್ನು ಗಿಣಿಗೆ ಮೊದಲು ನೂರು ಗ್ರಾಂ, ಆಮೇಲೆ ಇನ್ನೂರೈವತ್ತು ಹೆಚ್ಚು ತೋರಿಸಿತು.

ಮೂರನೆಯ ವಾರದ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯಿರಬಹುದು, ಗಿಣಿ ಅಡುಗೆಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಿಂತಳು. "ಅಜ್ಜಿ, ಒಳಗೆ ಏನೋ ಮಾಡ್ತಿದೆ."

ಅಜ್ಜಿ ಗಾಬರಿಯಿಂದ ಸೌಟು ಕೆಳಗಿಟ್ಟಳು. "ನೋವಾ ಕಂದಾ?"

"ನೋವಲ್ಲ. ಕರೀತಾ ಇದೆ."

ಅಜ್ಜಿ ಕಿವಿಯನ್ನು ಆ ಪುಟ್ಟ ಹೊಟ್ಟೆಗೆ ಒತ್ತಿದಳು. ಒಳಗೆ ಗುಡುಗುಡು ಸದ್ದು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಅದು ಹಸಿವು ಕಣೇ! ಹಸಿವು ಅಂದ್ರೆ ಅದೇ. ಬಂತಲ್ಲ ಕೊನೆಗೂ, ಬಾ ತಾಯಿ, ಬಾ!" ದೂರದ ಊರಿಂದ ಬಂದ ನೆಂಟರನ್ನು ಒಳಗೆ ಕರೆಯುವ ಹಾಗೆ ಅವಳು ಆ ಹಸಿವನ್ನು ಕರೆದಳು. ಆ ದಿನ ಊಟ ಒಂದು ಗಂಟೆ ಮುಂಚೆಯೇ ಆಯಿತು.

ಊಟದ ನಡುವೆ ಎದುರು ಮನೆಯ ಪಾರ್ಲರಿನವಳು ಬಂದಳು, ಕಂಕುಳಲ್ಲಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು. ಅಂಗಡಿಯಲ್ಲಿ ಯಾರದೋ ಅರ್ಧ ಕೂದಲಿಗೆ ಬಣ್ಣ ಹಚ್ಚಿ ಓಡಿಬಂದಿದ್ದಳು. "ಅಜ್ಜಿ, ನನ್ನ ಫೋನ್ ಕೆಟ್ಟೋಗಿದೆ, ಇವಳು ಬಾಯೇ ಬಿಡ್ತಿಲ್ಲ. ನಿಮ್ಮ ಟ್ಯಾಬು ಹೇಗಿದ್ರೂ ಸುಮ್ಮನೆ ಬಿದ್ದಿದೆಯಂತಲ್ಲ, ಊಟದ ಹೊತ್ತಿಗೆ ಮಾತ್ರ ಕೊಡಿ. ಆಮೇಲೆ ತಂದ್ಕೊಡ್ತೀನಿ."

"ಕೊಡಲ್ಲ" ಎಂದಳು ಅಜ್ಜಿ.

ಪಾರ್ಲರಿನವಳು ನಕ್ಕಳು. ಅಜ್ಜಿ ನಗದಿರುವುದನ್ನು ನೋಡಿ ನಗು ನಿಲ್ಲಿಸಿದಳು. "ಅಯ್ಯೋ, ನೀವೇ ಅಲ್ವಾ ಅಜ್ಜಿ ಹೇಳ್ಕೊಟ್ಟಿದ್ದು?"

"ಹೌದು. ತಪ್ಪು ಹೇಳ್ಕೊಟ್ಟೆ. ಮೆಟ್ಟಿಲು ಇಳಿದು ಮನೆಮನೆಗೂ ಹೋಗಿ ಹೇಳ್ಬೇಕು ಅಂತಿದ್ದೀನಿ, ನಿನ್ನಿಂದಲೇ ಶುರುವಾಗ್ಲಿ. ಟ್ಯಾಬು ಕೊಡಲ್ಲ. ಮಗೂನ ಕೊಡು, ಇವರ ಜೊತೆ ಕೂರಲಿ. ನೀನು ಹೋಗಿ ಆ ಹೆಂಗಸಿನ ಇನ್ನರ್ಧ ತಲೆ ಮುಗಿಸು."

ಪಾರ್ಲರಿನವಳು ಅನುಮಾನಿಸುತ್ತಾ ಮಗುವನ್ನು ಇಳಿಸಿದಳು. ಅಷ್ಟರಲ್ಲಿ ಗುಬ್ಬಿ ಬಟ್ಟಲನ್ನು ಮುಂದೆ ತಳ್ಳಿ, ಕೈ ಒದರಿ, "ಸಾಕು" ಎಂದಳು. ಮೂರು ವಾರಗಳ ಹಿಂದಿನವರೆಗೆ ಆ ಮನೆಯಲ್ಲಿ ಯಾರೂ ಕೇಳದ ಮಾತು ಅದು.

"ಅಜ್ಜಿ, ಬಟ್ಟಲಲ್ಲಿ ಇನ್ನೂ ಅರ್ಧ ಇದೆ!" ಪಾರ್ಲರಿನವಳು ಬಟ್ಟಲನ್ನೂ ಅಜ್ಜಿಯನ್ನೂ ನೋಡಿದಳು. ಡಜನಜ್ಜಿಯ ಮುಂದೆ ಬಟ್ಟಲಲ್ಲಿ ಅನ್ನ ಮಿಕ್ಕದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. "ಇನ್ನು ನಾಲ್ಕು ತುತ್ತು ತುರುಕಿಬಿಡಿ."

"ಇರಲಿ ಬಿಡು" ಎಂದಳು ಅಜ್ಜಿ. "ಹೊಟ್ಟೆ ಅವಳದು, ಲೆಕ್ಕಾನೂ ಅವಳದೇ."

ಅಷ್ಟು ಹೇಳಿ, ಮಂಡಿಗೆ ಕೈ ಊರಿ ಎದ್ದು, ಮೂರನೆಯ ಬಟ್ಟಲು ತರಲು ಒಳಗೆ ಹೋದಳು.